ಉರಿಯದ ಬ್ಯಾಟರಿ ದೀಪ

ಮೇಷ್ಟ್ರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಮನೆಯಲ್ಲಿ ಅವರು ಮತ್ತು ತಂಗಿ, ಇಬ್ಬರೇ. ತಂಗಿ ಆಸ್ಪತ್ರೆಯಲ್ಲಿ ಹಿರಿಯ ನರ್ಸ್. ಐವತ್ತೆರಡು ದಾಟಿದ್ದರೂ ಅಣ್ಣನ ಬಾಯಲ್ಲಿ ಅವಳು ಇನ್ನೂ ಪುಟ್ಟಿ. ಕಾರು ಅವಳದು, ಇಪ್ಪತ್ತನಾಲ್ಕು ವರ್ಷ ಹಳೆಯದು. ಅದರ ಡ್ಯಾಶ್‌ಬೋರ್ಡಿನ ಬಲ್ಬುಗಳಲ್ಲಿ ಎರಡು ಸತ್ತಿದ್ದವು, ಉಳಿದವು ಬೂದಿ ಮುಚ್ಚಿದ ಕೆಂಡದಂತಿದ್ದವು. ಸಂಜೆ ಡ್ಯೂಟಿ ಮುಗಿಸಿ ಬರುವಾಗ ವೇಗದ ಮುಳ್ಳು ಎಲ್ಲಿದೆಯೆಂದೇ ಕಾಣುವುದಿಲ್ಲ, ಅಂದಾಜಿನ ಮೇಲೆ ಓಡಿಸುತ್ತೇನೆ ಎಂದು ಅವಳು ಒಂದು ದಿನ ಹೇಳಿದಳು. ಡೈನಮೋದವರ ಹತ್ತಿರ ಬಿಟ್ಟರೆ ಒಂದು ಗಂಟೆಯಲ್ಲಿ ಮಾಡಿಕೊಡುತ್ತಾರೆ ಎಂದೂ ಸೇರಿಸಿದಳು.

ಡೈನಮೋದವರು ಎಂದರೆ ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವವರು. ಎಂಜಿನ್ ಓಡುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬಿಸುವ ಡೈನಮೋ ರಿಪೇರಿಯಲ್ಲಿ ಎತ್ತಿದ ಕೈ. ಆ ಹೆಸರೇ ನಿಂತುಬಿಟ್ಟಿತ್ತು. ಈ ಕಾರಿನ ಡೈನಮೋವನ್ನೂ ನಾಲ್ಕು ತಿಂಗಳ ಹಿಂದೆ ಅವರೇ ಬಿಚ್ಚಿ ಹೊಸದರಂತೆ ಮಾಡಿಕೊಟ್ಟಿದ್ದರು.

“ಬಲ್ಬ್ ಬದಲಾಯಿಸೋಕೆ ಅವರ್ಯಾಕೆ? ನಾನೇನು ಸತ್ತಿದ್ದೀನಾ?” ಎಂದರು ಮೇಷ್ಟ್ರು.

ಭಾನುವಾರ ಬೆಳಿಗ್ಗೆ ಹಳೆಯ ಟವೆಲ್ ಹಾಸಿಕೊಂಡು ಕೂತರು. ನಾಲ್ಕು ಸ್ಕ್ರೂ ಬಿಚ್ಚಿ, ವೇಗದ ಕೇಬಲ್ ಕಳಚಿ, ಮೀಟರುಗಳ ಫಲಕವನ್ನು ಮಗುವಿನಂತೆ ಮಡಿಲಿಗೆ ಎಳೆದುಕೊಂಡರು. ಅದರ ಬೆನ್ನಿನಲ್ಲಿ ಒಂಬತ್ತು ಬಲ್ಬು. ಒಂದೊಂದನ್ನೂ ಕಾಲು ಸುತ್ತು ತಿರುಗಿಸಿ ತೆಗೆದು, ಆ ಜಾಗಕ್ಕೆ ಎಲ್‌ಇಡಿ ಕೂರಿಸಿದರು. ಎಲ್‌ಇಡಿಗೆ ಹಿಂದುಮುಂದು ಉಂಟು. ತಲೆಕೆಳಗಾಗಿ ಕೂರಿಸಿದರೆ ಉರಿಯುವುದಿಲ್ಲ, ಕರೆಂಟನ್ನೂ ಬಿಡುವುದಿಲ್ಲ. ಇದನ್ನು ವರ್ಷಕ್ಕೆ ಮೂರು ತರಗತಿಗೆ ಹೇಳಿದವರಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೆ ಎಲ್ಲ ಮುಚ್ಚಿ, ಸ್ಕ್ರೂ ಬಿಗಿದು, ಕೀಲಿ ತಿರುಗಿಸಿದಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಮಾತ್ರ ಉರಿಯಲಿಲ್ಲ. ಸೊಂಟ ಹಿಡಿದುಕೊಂಡಿತ್ತು, ಮತ್ತೆ ಬಿಚ್ಚುವ ಉತ್ಸಾಹ ಇರಲಿಲ್ಲ. ತೊಂದರೆಯಾದಾಗ ಉರಿಯುವ ದೀಪ, ಈಗ ಉರಿಯದಿದ್ದರೆ ಏನು ಮುಳುಗಿತು ಎಂದುಕೊಂಡು ಎದ್ದರು.

ಅಂದು ಸಂಜೆ ಇಬ್ಬರೂ ಕಾರಿನಲ್ಲಿ ಹೊರಟಾಗ ಮೀಟರುಗಳು ಹಾಲಿನಂತೆ ಬೆಳಗಿದವು. ತಂಗಿ ಪ್ರತಿ ಸಿಗ್ನಲ್ಲಿನಲ್ಲೂ ಒಮ್ಮೆ ಮುಳ್ಳು ನೋಡಿ ಒಮ್ಮೆ ಅಣ್ಣನನ್ನು ನೋಡಿ ನಕ್ಕಳು. ಮೇಷ್ಟ್ರಿಗೆ ಆ ವಾರವೆಲ್ಲ ನಡಿಗೆಯೇ ಬೇರೆಯಾಗಿತ್ತು.

ಒಂಬತ್ತನೆಯ ದಿನ ಕಾರು ಸೇತುವೆಯ ನಟ್ಟನಡುವೆ ನಿಂತಿತು. ತಂಗಿ ಅಂದು ಮೊಣಕಾಲಿನ ಆಪರೇಷನ್ ಆಗಿದ್ದ ಹಳೆಯ ಆಯಾ ಒಬ್ಬರನ್ನು ಮನೆಗೆ ಬಿಡಲು ಹೊರಟಿದ್ದಳು. ಆ ವೃದ್ಧೆ ಹೊಲಿಗೆ ಹಾಕಿದ ಕಾಲು ಚಾಚಿಕೊಂಡು ಒಂದು ಗಂಟೆ ಬಿಸಿಲಲ್ಲಿ ಕೂತರು. ಹಿಂದಿನ ವಾಹನಗಳ ಹಾರ್ನು, ಬೈಗುಳ ಎಲ್ಲವೂ ತಂಗಿಯ ತಲೆಗೆ. ಬ್ಯಾಟರಿಯಲ್ಲಿ ಹನಿ ಕರೆಂಟೂ ಉಳಿದಿರಲಿಲ್ಲ.

ಸುದ್ದಿ ತಿಳಿದು ಓಡಿ ಬಂದ ಮೇಷ್ಟ್ರು, ಕಾರನ್ನು ಎಳೆಸಿಕೊಂಡು ನೇರ ಡೈನಮೋದವರ ಅಂಗಡಿಗೇ ಹೋದರು. ತಂಗಿಯೂ ಜೊತೆಗಿದ್ದಳು. ಅಂಗಡಿಯ ಮುಂದೆ ಐದಾರು ಜನ, ಅವರಲ್ಲಿ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್ ಒಬ್ಬ. ಹತ್ತು ವರ್ಷದಿಂದ ಈ ಮನುಷ್ಯನನ್ನು ‘ನೀವು’ ಎನ್ನುತ್ತಿದ್ದ ಮೇಷ್ಟ್ರ ಬಾಯಿ ಅಂದು ‘ನೀನು’ ಎಂದಿತು. ಡೈನಮೋ ರಿಪೇರಿ ಮಾಡಿದ್ದೀಯೋ, ಬರೀ ಬಣ್ಣ ಬಳಿದಿದ್ದೀಯೋ ಎಂದು ಕೇಳಿದರು. ಕೈಲಾಗದಿದ್ದರೆ ಅಂಗಡಿ ಮುಚ್ಚು ಎಂದೂ ಹೇಳಿದರು.

ಡೈನಮೋದವರು ಬೇರೆ ಬ್ಯಾಟರಿ ಜೋಡಿಸಿ, ಒಳಗೆ ಕೂತು ಕೀಲಿ ತಿರುಗಿಸಿ ನೋಡಿದರು.

“ಬ್ಯಾಟರಿ ದೀಪ ಬರ್ತಿಲ್ವಲ್ಲ ಮೇಷ್ಟ್ರೇ. ಡ್ಯಾಶ್‌ಬೋರ್ಡ್ ಯಾರಾದ್ರೂ ಬಿಚ್ಚಿದ್ರಾ?”

ತಂಗಿ ಆಂಬುಲೆನ್ಸ್ ಡ್ರೈವರನ ಕಡೆ ತಿರುಗಿ ಏನೋ ಹೇಳುತ್ತಿದ್ದಳು, ಈ ಪ್ರಶ್ನೆ ಅವಳ ಕಿವಿಗೆ ಬೀಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಮೇಷ್ಟ್ರ ಕೈ ಕನ್ನಡಕಕ್ಕೆ ಹೋಯಿತು.

“ಇಲ್ಲ. ಕೆಟ್ಟಿರೋದು ಡೈನಮೋ, ನೀನು ಇಲ್ಲಿ ಕೈ ಹಾಕಬೇಡ,” ಎಂದರು.

ಮೇಷ್ಟ್ರ ಮಾತು ಎಂದು ಆತ ನಂಬಿದರು. ತಾವೇ ಮಾಡಿದ ಡೈನಮೋ ಬಿಚ್ಚಿ, ಮೇಜಿನ ಮೇಲೆ ತಿರುಗಿಸಿ ನೋಡಿದರು, ಸರಿಯಾಗಿತ್ತು. ಕಾರಿಗೆ ಹಾಕಿದರೆ ಸತ್ತಂತಿತ್ತು. ಮತ್ತೆ ಬಿಚ್ಚಿದರು, ಮತ್ತೆ ಹಾಕಿದರು. ಒಂದು ದಿನ ಬಿಟ್ಟುಹೋಗಿ, ವೈರುಗಳನ್ನೆಲ್ಲ ನೋಡುತ್ತೇನೆ ಎಂದು ಕೇಳಿಕೊಂಡಾಗ ಮೇಷ್ಟ್ರು ಒಪ್ಪದೆ ಕಾರನ್ನು ಮನೆಗೆ ತಂದುಬಿಟ್ಟರು.

ದಾರಿಯಲ್ಲೇ ಅವರಿಗೆ ಗೊತ್ತಾಗಿಹೋಗಿತ್ತು. ಆ ಕೆಂಪು ದೀಪ ಬರೀ ದೀಪವಲ್ಲ. ಹಳೆಯ ಕಾರುಗಳಲ್ಲಿ ಡೈನಮೋ ಎಚ್ಚರವಾಗಲು ಬೇಕಾದ ಮೊದಲ ಗುಟುಕು ಕರೆಂಟು ಹೋಗುವುದೇ ಆ ಬಲ್ಬಿನ ತಂತಿಯ ಮೂಲಕ. ಅಲ್ಲಿ ತಲೆಕೆಳಗಾದ ಎಲ್‌ಇಡಿ ಕೂತು ಬಾಗಿಲು ಹಾಕಿಕೊಂಡಿತ್ತು. ಅಂದು ಮಧ್ಯಾಹ್ನವೇ ಫಲಕ ಬಿಚ್ಚಿ, ಆ ಒಂದು ಜಾಗಕ್ಕೆ ಹಳೆಯ ಬಲ್ಬು ಹಾಕಿದರು. ಕಾರು ಸರಿಹೋಯಿತು.

ಏನಾಗಿತ್ತು ಅಣ್ಣಾ ಎಂದು ತಂಗಿ ಕೇಳಿದಳು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ, ಒಂದು ವೈರು ಸಡಿಲವಾಗಿತ್ತು, ಆತ ಸರಿಯಾಗಿ ಬಿಗಿದಿರಲಿಲ್ಲ ಎಂದರು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವರಿಗೇ ಹೆದರಿಕೆಯಾಯಿತು. ತಂಗಿ ಅದನ್ನು ಹೆಮ್ಮೆಯಿಂದ ಆಸ್ಪತ್ರೆಯ ತುಂಬ ಹೇಳಿದಳು. ಅವಳು ಹಾಗೆ ಹೇಳಿದ್ದನ್ನು ಊಟದ ಹೊತ್ತಿನಲ್ಲಿ ಅಣ್ಣನಿಗೂ ಹೇಳುವಳು. ಈಗ ನಿಜ ಹೇಳಿದರೆ ಎರಡು ಸುಳ್ಳು ಒಪ್ಪಿಕೊಳ್ಳಬೇಕು, ನಾಳೆ ನೋಡೋಣ ಎನ್ನುತ್ತ ಮೂರು ವಾರ ಕಳೆಯಿತು.

ಆಮೇಲೆ ಒಂದು ಬೆಳಿಗ್ಗೆ ಡೈನಮೋದವರು ಮನೆಗೇ ಬಂದರು. ಒಗೆದ ಅಂಗಿ ತೊಟ್ಟು, ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ನಿಂತಿದ್ದರು. ಜಗಳಕ್ಕೆ ಬಂದಿರಬೇಕು ಎಂದು ಮೇಷ್ಟ್ರು ಮೈ ಬಿಗಿಮಾಡಿಕೊಂಡರು. ಅದೇ ಆಗಿದ್ದರೆ ಚೆನ್ನಾಗಿತ್ತು.

“ತೊಂದ್ರೆ ಕೊಡೋಕೆ ಬಂದಿಲ್ಲ ಮೇಷ್ಟ್ರೇ. ಆ ಸಡಿಲ ವೈರು ಯಾವುದು ಅಂತ ಒಂದ್ಸಲ ತೋರಿಸಿಬಿಡಿ. ಇನ್ನೊಬ್ಬರ ಗಾಡಿಗೆ ಹಾಗಾಗಬಾರದು.”

ಹಾಗೆಂದು ಕಾರಿನ ಬಾಗಿಲ ಬಳಿ ಮಂಡಿಯೂರಿ, ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ಬಗ್ಗಿಸಿ, ಟಾರ್ಚು ಹಿಡಿದು ಕಾದರು. ಅಡಿಯಿಂದಲೇ ಮಾತಾಡಿದರು. ಈಚೆಗೆ ಬಂದ ಎರಡು ಡೈನಮೋಗಳನ್ನು ವಾಪಸು ಕಳಿಸಿದರಂತೆ. ಕೈ ಮೇಲೆ ನಂಬಿಕೆ ಹೋಗಿದೆ, ಇನ್ನು ಹಾರ್ನು, ಬ್ಯಾಟರಿ ಅಂತ ಸಣ್ಣಪುಟ್ಟದ್ದು ಮಾಡಿಕೊಂಡಿರೋಣ ಎಂದು ಹೆಂಡತಿಗೂ ಹೇಳಿದ್ದಾರಂತೆ. ಅವರ ಕತ್ತಿನ ಹಿಂದೆ ಬೆಳ್ಳಗಾದ ಕೂದಲು ಮೇಷ್ಟ್ರಿಗೆ ಕಾಣುತ್ತಿತ್ತು. ಟಾರ್ಚಿನ ಬೆಳಕು ಇಲ್ಲದ ವೈರನ್ನು ಹುಡುಕುತ್ತಿತ್ತು.

ತಂಗಿ ಟೀ ತಂದು ಬಾಗಿಲ ಬಳಿ ನಿಂತಿದ್ದಳು. ಅವಳು ಒಳಗೆ ಹೋಗಲಿ ಎಂದು ಮೇಷ್ಟ್ರು ಕಾದರು. ಅವಳು ಹೋಗಲಿಲ್ಲ.

“ಅಲ್ಲಿ ಏನೂ ಇಲ್ಲ. ಏಳಿ,” ಎಂದರು ಮೇಷ್ಟ್ರು. “ವೈರು ಸಡಿಲ ಆಗಿರಲಿಲ್ಲ. ಬಲ್ಬುಗಳನ್ನ ನಾನೇ ಬದಲಾಯಿಸಿದ್ದೆ. ಬ್ಯಾಟರಿ ದೀಪಕ್ಕೆ ಎಲ್‌ಇಡಿ ಹಾಕಿದ್ದೆ, ಅದೂ ತಲೆಕೆಳಗಾಗಿ. ನಿಮ್ಮ ಕೆಲಸ ಸರಿಯಾಗೇ ಇತ್ತು.”

ಡೈನಮೋದವರು ಮಂಡಿಯ ಧೂಳು ಒರೆಸಿಕೊಂಡು ಎದ್ದರು. ಮುಖದಲ್ಲಿ ಸಿಟ್ಟು ಇರಲಿಲ್ಲ. ಬಹಳ ದಿನದ ಲೆಕ್ಕ ತಾಳೆಯಾದವರಂತೆ ಒಂದು ಉಸಿರು ಬಿಟ್ಟರು, ಅಷ್ಟೇ.

“ನಾನು ಕೇಳಿದ್ನಲ್ಲ ಮೇಷ್ಟ್ರೇ,” ಎಂದರು.

ಟೀ ಮುಟ್ಟದೆ ಹೊರಟರು. ಗೇಟಿನ ತನಕ ಹೋದ ಮೇಷ್ಟ್ರಿಗೆ ಕ್ಷಮೆ ಎಂಬ ಮಾತಿಗೆ ನಾಲಿಗೆ ಹೊರಳಲಿಲ್ಲ. ತಿರುಗಿ ಬಂದಾಗ ತಂಗಿ ಆ ಟೀಯನ್ನು ಗಿಡದ ಬುಡಕ್ಕೆ ಚೆಲ್ಲುತ್ತಿದ್ದಳು.

“ಆಸ್ಪತ್ರೇಲಿ ಎಲ್ಲರಿಗೂ ನಾನೇ ಹೇಳಿದ್ದು,” ಎಂದಳು ಅವಳು, ಅಣ್ಣನ ಮುಖ ನೋಡದೆ. “ನಾಳೆ ನನ್ನ ಜೊತೆ ಬಾ. ನೀನೇ ಹೇಳು.”

ಮರುದಿನ ನರ್ಸುಗಳ ವಿಶ್ರಾಂತಿ ಕೋಣೆಯಲ್ಲಿ, ಊಟದ ಡಬ್ಬಿಗಳ ನಡುವೆ, ಮೇಷ್ಟ್ರು ನಿಂತು ಹೇಳಿದರು. ಕೇಳಿದವರಿಗೆ ಅದೇನೂ ದೊಡ್ಡ ವಿಷಯವಾಗಿರಲಿಲ್ಲ. ಒಬ್ಬ ಹುಡುಗಿ “ಹೌದಾ ಸರ್” ಎಂದು ತಿನ್ನುವುದನ್ನು ಮುಂದುವರಿಸಿದಳು. ಆಂಬುಲೆನ್ಸ್ ಡ್ರೈವರ್ ಮಾತ್ರ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಆ ಹಿರಿಯರನ್ನು ಅಷ್ಟು ಜನರ ಮುಂದೆ ಹಾಗೆ ಅಂದಿರಲ್ಲ ಸರ್ ಎಂದ.

ಅಲ್ಲಿಂದ ಮೇಷ್ಟ್ರು ಒಬ್ಬರೇ ಹಿಂದಿನ ರಸ್ತೆಗೆ ನಡೆದರು. ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳಿದ್ದರು, ಇಬ್ಬರೂ ಹೊಸಬರು. ಡೈನಮೋದವರು ವ್ಯಾನಿನ ಅಡಿಯಲ್ಲಿ ಮಲಗಿ ಕೆಲಸ ಮಾಡುತ್ತಿದ್ದರು, ಕಾಲು ಮಾತ್ರ ಹೊರಗಿತ್ತು. ಆ ಕಾಲುಗಳ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ, ತಪ್ಪು ನನ್ನದು, ನಿಮ್ಮ ಮೇಲೆ ಹಾಕಿದೆ, ಸುಳ್ಳನ್ನೂ ಹೇಳಿದೆ, ಕ್ಷಮಿಸಿ ಎಂದರು. ಸ್ಪ್ಯಾನರಿನ ಸದ್ದು ನಿಂತಿತು.

“ಆಯ್ತು ಮೇಷ್ಟ್ರೇ,” ಎಂದಿತು ಅಡಿಯಿಂದ ದನಿ. ಸದ್ದು ಮತ್ತೆ ಶುರುವಾಯಿತು.

ಇನ್ನೇನಾದರೂ ಹೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ನಿಂತು, ಗಿರಾಕಿಗಳು ತಮ್ಮನ್ನೇ ನೋಡುತ್ತಿರುವುದನ್ನು ಕಂಡು ಮೇಷ್ಟ್ರು ಹೊರಟರು. ಮುಂದಿನ ತಿಂಗಳು ಆಂಬುಲೆನ್ಸಿನ ಡೈನಮೋ ಅದೇ ಅಂಗಡಿಗೆ ಹೋಯಿತು, ಡೈನಮೋದವರು ಅದನ್ನು ವಾಪಸು ಕಳಿಸಲಿಲ್ಲ. ಅಣ್ಣನೊಂದಿಗೆ ಮಾತು ಬಿಟ್ಟಿದ್ದ ತಂಗಿ ಐದನೆಯ ದಿನಕ್ಕೆ ಬಾಯಿ ತೆರೆದಿದ್ದಳು, ಅದೂ ನೀರಿನ ಟ್ಯಾಂಕ್ ತುಂಬಿತೇ ಎಂದು ಕೇಳಲು. ಮೇಷ್ಟ್ರು ಮಾತ್ರ ಆಸ್ಪತ್ರೆಗೆ ಹೋಗಬೇಕಾದಾಗ ಇಂದಿಗೂ ಮುಂದಿನ ಗೇಟಿನಿಂದಲೇ ಹೋಗುತ್ತಾರೆ. ಹಿಂದಿನ ರಸ್ತೆ ಹತ್ತಿರ ಎಂದು ಯಾರಾದರೂ ಹೇಳಿದರೆ, ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಎನ್ನುತ್ತಾರೆ.