ಸೊನ್ನೆಗೊಂದು ಗೀಟು

ಬಸ್ ನಿಲ್ದಾಣದ ಹೊಸ ಫಲಕಕ್ಕೆ ಅಕ್ಷರ ರೂಪಿಸುವ ಕೆಲಸ ಸೊಸೆಗೆ ಸಿಕ್ಕಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅತ್ತೆ. ಇವಳು ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಏನು ಮಾಡುತ್ತಾಳೆಂದು ನೆಂಟರಿಗೆ ಹೇಳಿ ಹೇಳಿ ಅತ್ತೆಗೆ ಸಾಕಾಗಿತ್ತು.

ಫಲಕದಲ್ಲಿ ಬರುವುದು ಅಕ್ಷರವೂ ಅಂಕಿಯೂ ಸೇರಿದ ಬಸ್ಸಿನ ನಂಬರು, ಹೊರಡಲು ಉಳಿದ ನಿಮಿಷ, ಅಷ್ಟೇ. ಹಳೆಯದರಲ್ಲಿ ಒಂದೊಂದು ಅಂಕಿಗೆ ಒಂದೊಂದು ಅಗಲವಿದ್ದು, ನಿಮಿಷ ಬದಲಾದಾಗಲೆಲ್ಲ ಇಡೀ ಸಾಲು ಅತ್ತಿತ್ತ ಸರಿದು ಓದುವವರ ಕಣ್ಣು ತಪ್ಪುತ್ತಿತ್ತು. ಹಾಗಾಗಿ ನಿಲ್ದಾಣದವರು ದೂರಕ್ಕೆ ಕಾಣುವಷ್ಟು ದಪ್ಪನೆಯ, ಬಾಲ ಬಳುಕುಗಳಿಲ್ಲದ ಇಂಗ್ಲಿಷ್ ಅಕ್ಷರ, ಅಂಕಿ ಕೇಳಿದ್ದರು. ಪ್ರತಿಯೊಂದಕ್ಕೂ ಅಗಲ ಒಂದೇ ಇರಬೇಕು. ಡಬ್ಲ್ಯೂ ಅಷ್ಟು ಜಾಗದಲ್ಲಿ ಹಿಡಿಸದೆ ಮಸಿ ಮೆತ್ತಿದಂತಾಯಿತು. ನಡುವಿನ ಗೆರೆಗಳನ್ನು ಗಿಡ್ಡ ಮಾಡಿ ಅದಕ್ಕೆ ಉಸಿರಾಡಲು ಬಿಟ್ಟಳು. ಉದ್ದನೆಯ ಬೆಂಚಿನಲ್ಲಿ ಒಬ್ಬನೇ ಕೂತವನಂತಿದ್ದ ಕಡ್ಡಿ ಐಗೆ ಮೇಲೆ ಕೆಳಗೆ ಪಟ್ಟಿ ಕೊಟ್ಟಳು. ಓ ಮತ್ತು ಸೊನ್ನೆ ಎಷ್ಟು ಚೆಂದ ಬಂದವೆಂದರೆ ತಾನೇ ಮರುಳಾದಳು. ಎರಡೂ ಒಂದೇ ಥರ ಇವೆಯಲ್ಲ ಎಂದು ಗಂಡ ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಫಲಕ ಹಾಕಿದ ದಿನವೇ ಅತ್ತೆ ಮಗಳ ಮನೆಗೆಂದು ಓ-ಏಳು ಬಸ್ಸಿಗೆ ಹೊರಟರು. ಮಧ್ಯಾಹ್ನ ನಾದಿನಿ ಫೋನ್ ಮಾಡಿ, ಅಮ್ಮ ಇನ್ನೂ ಬಂದಿಲ್ಲವೆಂದಳು. ಅತ್ತೆಯ ಫೋನು ಸೋಫಾದ ಮೇಲೇ ಬಿದ್ದಿತ್ತು. ಸೊಸೆ ನಿಲ್ದಾಣಕ್ಕೆ ಓಡಿ ತಲೆಯೆತ್ತಿ ನೋಡಿದರೆ ಓ-ಏಳೂ ಸೊನ್ನೆ-ಏಳೂ ಒಂದರ ಕೆಳಗೊಂದು. ಯಾವುದು ಯಾವುದೆಂದು ಅವಳಿಗೂ ತಿಳಿಯಲಿಲ್ಲ. ಸೊನ್ನೆ-ಏಳು ವಿಮಾನ ನಿಲ್ದಾಣಕ್ಕೆ ಹೋಗುವ ಬಸ್ಸು.

ವಿಚಾರಣೆಯ ಕಿಟಕಿಯಲ್ಲಿ ಅವಳು ತಡವರಿಸುತ್ತಿದ್ದಾಗಲೇ ಬಂದು ನಿಂತ ಬಸ್ಸಿನಿಂದ ಅತ್ತೆ ಇಳಿದರು. ಮುಖ ಅರಳಿತ್ತು. ಗಾಜಿನ ಆಚೆ ವಿಮಾನಗಳು ಏರಿಳಿಯುವುದನ್ನು ನೋಡುತ್ತಾ ಹೊತ್ತು ಹೋದದ್ದೇ ತಿಳಿಯಲಿಲ್ಲವಂತೆ.

"ಅಕ್ಷರ ತುಂಬಾ ಚೆನ್ನಾಗಿದೆ ಕಣಮ್ಮ. ಕನ್ನಡಕ ಇಲ್ದೆ ಆ ತುದಿಯಿಂದ್ಲೇ ಓದಿದೆ. ಬಸ್ಸು ಮಾತ್ರ ಬೇರೆ ಕಡೆ ಹೋಯ್ತು," ಎಂದರು.

ಸೊಸೆಯ ಕಣ್ಣು ತುಂಬಿತು. "ತಪ್ಪು ನಂದೇ ಅತ್ತೆ. ಇವರು ಹೇಳಿದ್ರು, ನಾನೇ ಕೇಳಲಿಲ್ಲ."

"ಅವನ ಮಾತು ನಾನೂ ಕೇಳಲ್ಲ ಬಿಡು."

ಸಂಜೆ ಅವಳು ಮನಸ್ಸು ಗಟ್ಟಿ ಮಾಡಿಕೊಂಡು ಸೊನ್ನೆಯ ಹೊಟ್ಟೆಗೆ ಓರೆಯಾಗಿ ಒಂದು ಗೀಟು ಎಳೆದಳು. ಚೆಲುವು ಕೆಟ್ಟಿತು, ಗೊಂದಲ ಹೋಯಿತು. ಫಲಕ ಸರಿಯಾಯಿತು, ಆಮೇಲೆ ಟಿಕೆಟ್ಟಿಗೂ ಪಾರ್ಸೆಲ್ ಚೀಟಿಗೂ ಅದೇ ಅಕ್ಷರ ಬಂತು. ಮುಂದಿನ ವಾರ ಅತ್ತೆ ಮಗಳನ್ನೂ ಸೊಸೆಯನ್ನೂ ಎಳೆದುಕೊಂಡು ಬೇಕೆಂದೇ ವಿಮಾನ ನೋಡಲು ಹೋದರು. ಮೂವರೂ ಹೊಟ್ಟೆ ಹಸಿಯುವ ತನಕ ಅಲ್ಲೇ ಕೂತಿದ್ದರು.