ಸಾಹೇಬರಿಗೆ ಕೊಟ್ಟ ನೀರು

"ನೀರಿಗೇನ್ ಧಾಡಿ ಆಗ್ಯಾದಲೇ? ನೀರು ಛಲೋ ಅದ. ನಿಮ್ಮ ಹೆಂಗಸರ ಹೊಟ್ಟ್ಯಾಗ ಹುಳ ಅವ, ಮೊದಲ ಅದನ್ನ ನೋಡ್ಕೋರಿ ಹೋಗ್ರಿ!"

ಕೈಯಲ್ಲಿದ್ದ ಕಾಗದದಿಂದ ತೊಡೆಗೆ ಪಟಪಟ ಹೊಡೆದುಕೊಳ್ಳುತ್ತ ದೇವೀಂದ್ರಪ್ಪ ಗೌಡ ಗುಡುಗಿದ. ಕಮಲಾಪುರದ ಹೊರಗಿರುವ ಅವನ ಬಾಳೆತೋಟದ ಮನೆಯ ಕಟ್ಟೆಯ ಮೇಲೆ ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಗೌಡ, ಇನ್ನೊಂದರಲ್ಲಿ ನೀರಿನ ಕೆಲಸ ನೋಡುವ ಇಂಜಿನಿಯರ್. ಇಂಜಿನಿಯರ್ ತಲೆ ತಗ್ಗಿಸಿ ಕೆಂಪು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ. ಕೇರಿಯವರು ಕಟ್ಟೆಯ ಕೆಳಗೆ ಬಿಸಿಲಲ್ಲಿ ನಿಂತಿದ್ದರು. ಅವರಿಗೆ ಕುರ್ಚಿ ಹಾಕುವುದು ಒತ್ತಟ್ಟಿಗಿರಲಿ, ನೆರಳಿಗೆ ಬನ್ನಿ ಎನ್ನುವ ಬಾಯಿಯೂ ಆ ಮನೆಯಲ್ಲಿ ಇರಲಿಲ್ಲ.

"ಸಾಹೇಬ್ರ, ಓದಿ ಹೇಳ್ರಿ ಇವರಿಗಿ."

ಇಂಜಿನಿಯರ್ ಬಾಯಲ್ಲಿದ್ದದ್ದನ್ನು ನುಂಗಿ, ಬೆರಳು ಒರೆಸಿಕೊಂಡು ಓದಿದ. "ಸದರಿ ಕೇರಿಯ ಮನೆಗಳಿಂದ ಸಂಗ್ರಹಿಸಿದ ನೀರಿನ ಎಲ್ಲಾ ಮಾದರಿಗಳು ಕುಡಿಯಲು ಯೋಗ್ಯವಾಗಿವೆ."

"ಕೇಳಿದ್ರಿಲ್ಲೋ? ಕಲಬುರಗಿ ಕಾಲೇಜಿನ ಶ್ಯಾಣ್ಯಾ ಮಂದಿ ಬರದಾರ ಇದನ್ನ. ಇನ್ನ ಇವರಿಗಿ ನಳ ಬೇಕಂತ. ಅದಕ್ಕ ನನ್ನ ತೋಟ ಸೀಳಿ ಪೈಪ್ ಹಾಕಬೇಕಂತ. ನಿಮ್ಮಪ್ಪನ ತೋಟ ಏನಲೇ?"

ಕೆಳಗೆ ನಿಂತವರಲ್ಲಿ ಬಂಡೆಮ್ಮನ ಪಕ್ಕದಲ್ಲಿದ್ದ ಅವಳ ಸೊಸೆ ಸಪ್ನಾ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. ಅವಳಿಗೆ ಏಳು ತಿಂಗಳು ತುಂಬಿತ್ತು. ಇದಕ್ಕೂ ಮುಂಚಿನ ಎರಡು ಕೂಸುಗಳೂ ದಿನ ತುಂಬುವ ಮೊದಲೇ ಸತ್ತು ಹುಟ್ಟಿದ್ದವು. ಸೆರಗು ಎಳೆದದ್ದೇ ತಪ್ಪಾಯಿತು, ಗೌಡನ ಕಣ್ಣು ಅಲ್ಲಿಗೇ ಹೋಯಿತು.

"ಇಕಿ ಮತ್ತ ಹೊತ್ಗೊಂಡು ನಿಂತಾಳ ನೋಡ್ರಿ. ಇದೂ ಹೋದರ ಗೌಡರ ತೋಟದ ಔಷಧದಿಂದ ಹೋತು ಅಂತ ಬೊಬ್ಬಿ ಹೊಡೀತಾರ. ಹಲ್ಕಟ್ ಸೂಳೆಮಕ್ಕಳು."

ಬಂಡೆಮ್ಮನ ಮಗ ಕಪಿಲ ಒಂದು ಹೆಜ್ಜೆ ಮುಂದಿಟ್ಟ. ಅವಳು ಅವನ ಅಂಗಿಯ ಹಿಂಭಾಗವನ್ನು ಗಟ್ಟಿಯಾಗಿ ಹಿಡಿದಳು. "ಬಿಡಬೇ" ಎಂದು ಅವನು ಹಲ್ಲು ಕಚ್ಚಿದ. ಬಿಡಲಿಲ್ಲ. ಮಗನ ತಲೆ ಒಡೆಸಿಕೊಂಡು ಮನೆಗೆ ಹೋಗುವ ಮನಸ್ಸು ಅವಳಿಗಿರಲಿಲ್ಲ. ಅದೂ ಅಲ್ಲದೆ, ಇಂಜಿನಿಯರ್ ಓದಿದ ಮಾತು ಅವಳ ತಲೆಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಮನೆಗಳಿಂದ ಸಂಗ್ರಹಿಸಿದ ನೀರು.

ಕೇರಿಯ ಬಾವಿ ಗೌಡನ ತೋಟದ ಇಳಿಜಾರಿನ ಬುಡದಲ್ಲಿದೆ. ಬಾಳೆಗೆ ಹೊಡೆಯುವ ಔಷಧದ ಡ್ರಮ್ಮುಗಳನ್ನು ಆಳುಗಳು ಮೇಲಿನ ಹಳ್ಳದಲ್ಲಿ ತೊಳೆಯುತ್ತಾರೆ, ತೊಳೆದದ್ದೆಲ್ಲ ಬಾವಿಯ ಕಡೆಗೆ ಇಳಿಯುತ್ತದೆ. ತೊಳೆಯುವ ಆಳುಗಳೂ ಕೇರಿಯವರೇ, ಕಪಿಲನೂ ಅವರಲ್ಲೊಬ್ಬ. ಬೇರೆ ಕಡೆ ತೊಳೆಯುತ್ತೇನೆ ಎಂದು ಒಮ್ಮೆ ಹೇಳಿದ್ದಕ್ಕೆ ಗೌಡನ ಆಳುಮಗ ಮೌನೇಶ ಕಪಾಳಕ್ಕೆ ಬಿಟ್ಟಿದ್ದ. ಮಳೆ ಬಿದ್ದ ಮರುದಿನ ಬಾವಿಯ ನೀರಿನ ಮೇಲೆ ಎಣ್ಣೆಯಂಥ ಪೊರೆ ತೇಲುತ್ತಿತ್ತು. ಅದನ್ನು ಕೈಯಿಂದ ಸರಿಸಿ ಕೊಡ ಮುಳುಗಿಸುತ್ತಿದ್ದರು. ಕೇರಿಯ ಎಷ್ಟೋ ಹೆಂಗಸರ ಬಸಿರು ಇಳಿದು ಹೋಗಿತ್ತು. ಮೊದಮೊದಲು ದೆವ್ವ ಅಂದರು, ಆಮೇಲೆ ಹಣೆಬರಹ ಅಂದರು. ಕಪಿಲ ನೀರು ಅಂದ. ಅರ್ಜಿ ಹಾಕಿ, ಓಡಾಡಿ, ಊರಿನ ನೀರಿನ ಟಾಕಿಯಿಂದ ಕೇರಿಗೆ ನಳ ಹಾಕಿಸುವ ಮಾತು ತಂದವನೂ ಅವನೇ. ನೀರು ಕೆಟ್ಟಿದೆ ಎಂದು ಕಾಲೇಜಿನವರು ಬರೆದುಕೊಟ್ಟರೆ ಪೈಪು ಬರುತ್ತದೆ ಎಂದಾಗಿತ್ತು.

ಮನೆಗೆ ಬಂದವಳೇ ಬಂಡೆಮ್ಮ ನೆರೆಮನೆಯ ಹಣಮಮ್ಮನನ್ನು ಕೂಗಿದಳು.

"ಏ ಹಣಮಿ, ಅವತ್ತ ಆ ಹುಡುಗಿ ಬಾಟ್ಲಿ ಕೊಟ್ಟು ಹೋದಳಲ್ಲ, ನೀ ಯಾವ ನೀರು ತುಂಬಿದಿ?"

"ಊರಾನ ಫಿಲ್ಟರ್ ನೀರು. ನಿನ್ನ ಕೂಡೇ ಬಂದು ತಂದೀನಲ್ಲಬೇ. ಯಾಕ?"

ಬಂಡೆಮ್ಮನ ಬಾಟಲಿಯಲ್ಲೂ ಅದೇ ನೀರಿತ್ತು.

ಅವತ್ತು ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಕಾಲೇಜಿನ ಜೀಪು ಕೇರಿಯ ಬಾಯಿಯಲ್ಲೇ ನಿಂತಿತ್ತು, ಒಳಗೆ ಕೆಸರು ಎಂದು ದೊಡ್ಡ ಸಾಹೇಬರು ಇಳಿದಿರಲಿಲ್ಲ. ಇಳಿದು ಬಂದವಳು ಕಲಬುರಗಿಯ ರೋಜಾ ಬಡಾವಣೆಯ ಹುಡುಗಿ, ಆಸ್ಫಿಯಾ. ಮನೆ ಮನೆಗೂ ಒಂದೊಂದು ಬಿಳಿ ಬಾಟಲಿ ಕೊಟ್ಟು, "ಅಮ್ಮಾ, ನೀವು ಕುಡಿಯೋ ನೀರು ಇದರಾಗ ತುಂಬಿ ಇಡ್ರಿ, ನಾಳಿ ಮುಂಜಾನೆ ಬಂದು ತಗೊಂಡು ಹೋಗ್ತೀನಿ" ಅಂದಳು. ಹುಡುಗಿ ಇನ್ನೂ ಏನೇನೋ ಹೇಳಿತು. ನಿಮ್ಮ ಮನೆಯ ನೀರು ಕೊಡಿ ಅಂದದ್ದೊಂದೇ ಇವರ ಕಿವಿಗೆ ಬಿದ್ದದ್ದು.

ಆ ಕೇರಿಯ ಮನೆಗಳಿಂದ ಯಾರೂ ಯಾವತ್ತೂ ನೀರು ಕೇಳಿರಲಿಲ್ಲ. ಊರಿನ ಹೋಟೆಲಿನಲ್ಲಿ ಈಗ ಎಲ್ಲ ಜಾತಿಗೂ ಒಂದೇ ಬಗೆಯ ಲೋಟ, ಖರೆ. ಆದರೆ ಕೇರಿಗೆ ಬಂದವರು ಮತ ಕೇಳಿದ್ದರು, ಕೂಲಿಗೆ ಆಳು ಕೇಳಿದ್ದರು, ನೀರು ಕೇಳಿರಲಿಲ್ಲ. ಈಗ ಕಲಬುರಗಿಯ ಸಾಹೇಬರು ಕೇಳಿದ್ದಾರೆ. ಅಂಥವರ ಕೈಗೆ ಪೊರೆ ಕಟ್ಟಿದ ಬಾವಿಯ ನೀರು ಕೊಡುವುದೇ? ಹೆಂಗಸರು ಬಾಟಲಿಗಳನ್ನು ಬೂದಿ ಹಾಕಿ ತಿಕ್ಕಿ ತೊಳೆದರು. ಊರಿನ ತನಕ ನಡೆದು, ಸರದಿಯಲ್ಲಿ ನಿಂತು, ಮದುವೆಯಂಥ ದಿನಕ್ಕೆ ಮಾತ್ರ ತರುವ ಫಿಲ್ಟರ್ ನೀರನ್ನು ತಂದು ತುಂಬಿದರು. ಹಣಮಮ್ಮ ಒಂದು ಏಲಕ್ಕಿ ಜಜ್ಜಿ ಹಾಕೋಣ ಅಂದಿದ್ದಳು. "ಅತೀ ಮಾಡಬ್ಯಾಡ" ಎಂದು ಬಂಡೆಮ್ಮನೇ ಬೈದಿದ್ದಳು. ಮರುದಿನ ಬಾಟಲಿಗಳನ್ನು ಕೊಡುವಾಗ ಎಂಥ ಹಿಗ್ಗು ಅವರ ಮುಖದಲ್ಲಿ!

ಕಪಿಲ ಕೇಳಿ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

ಮರುದಿನ ಬಂಡೆಮ್ಮ ಬಾವಿಯ ನೀರನ್ನು ಡಬ್ಬಿಯಲ್ಲಿ ತುಂಬಿಕೊಂಡು ಮಗನೊಂದಿಗೆ ಕಲಬುರಗಿಯ ಬಸ್ಸು ಹತ್ತಿದಳು. ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕಾಲೇಜಿನಲ್ಲಿ ಆಸ್ಫಿಯಾ ಸಿಕ್ಕಳು. ಮೊದಲು ನಕ್ಕಳು, ವಿಷಯ ಕೇಳಿದ ಮೇಲೆ ಅವಳ ಮುಖದ ಬಣ್ಣ ಹೋಯಿತು. ಸೀದಾ ತನ್ನ ಗುರು ವಿವೇಕಾನಂದ ಸಾಹೇಬರ ಕೋಣೆಗೆ ಕರೆದೊಯ್ದಳು. ಜೀಪಿನಿಂದ ಇಳಿಯದಿದ್ದವರು ಇವರೇ.

"ಸರ್, ತಪ್ಪು ನಂದು. ನಾನು ಬಾವಿಗಿ ಹೋಗಿ ಸೇದ್ಲಿಲ್ಲ. ಇನ್ನೊಮ್ಮೆ ಮಾಡೋಣ ಸರ್."

"ಏನು ಇನ್ನೊಮ್ಮೆ? ವರದಿ ಕೊಟ್ಟಾಗ್ಯಾದ, ಛಾಪಾ ಆಗ್ಯಾದ. ಮುಂದಿನ ವಾರ ಹೈದರಾಬಾದಿನಾಗ ನಾ ಅದರ ಮ್ಯಾಲ ಭಾಷಣ ಮಾಡೋನಿದ್ದೀನಿ." ಸಾಹೇಬರು ಬಂಡೆಮ್ಮನ ಕಡೆ ತಿರುಗಿದರು. "ನೀವು ಮೋಸ ಮಾಡೀರಿ, ಗೊತ್ತದ ಏನು? ಸರ್ಕಾರದ ಕೆಲಸದಾಗ ಮೋಸ. ನಿಮ್ಮ ಮಂದಿದು ಇದೇ ಹಣೆಬರಹ. ಉದ್ಧಾರ ಮಾಡ್ತೀವಿ ಅಂತ ಬಂದ್ರ ನಮಗೇ ಮಸಿ ಬಳೀತೀರಿ."

"ತಪ್ಪಾತ್ರೀ ಯಪ್ಪಾ. ನಿಮಗ ಹೊಲಸು ನೀರು ಹ್ಯಾಂಗ ಕೊಡೂದಂತ... ಇದು ನೋಡ್ರಿ, ಇದು ಖರೇ ನೀರು. ಇದನ್ನ ನೋಡಿ ಬರದು ಕೊಡ್ರಿ. ಸೊಸಿ ಬಸರದಾಳ್ರಿ."

"ಇದು ಬಾವಿ ನೀರು ಅನ್ನೋದಕ್ಕ ಏನು ಸಾಕ್ಷಿ? ಇದರಾಗ ನೀವೇ ಔಷಧ ಹಾಕಿ ತಂದಿರಬಹುದು. ಅದೂ ಹೋಗಲಿ, ನೀರು ಕೆಟ್ಟದ ಅಂತಾನೇ ಇಟ್ಕೊಳ್ಳೋಣ. ಅದರಿಂದಲೇ ಕೂಸು ಸಾಯ್ತಾವ ಅಂತ ಯಾರು ಹೇಳಿದ್ರು? ಸಂಶೋಧನೆ ಅಂದ್ರ ಅಳೂದು ಕರಿಯೂದು ಅಲ್ಲವ್ವಾ. ಪುರಾವೆ ಬೇಕು, ಪುರಾವೆ. ಏ, ಈ ಡಬ್ಬಿ ಹೊರಗ ಇಡ್ರಿ, ಕಾರ್ಪೆಟ್ ಮ್ಯಾಲ ಚೆಲ್ತದ."

ಹೊರಗಿಟ್ಟ ಡಬ್ಬಿಯನ್ನು ಆಸ್ಫಿಯಾ ಸದ್ದಿಲ್ಲದೆ ತನ್ನ ಪ್ರಯೋಗಶಾಲೆಗೆ ಒಯ್ದಳು. ಎರಡು ದಿನದ ಮೇಲೆ ಕಪಿಲನಿಗೆ ಫೋನು ಮಾಡಿದಳು. "ಅಣ್ಣಾ, ಇದು ಮನುಷ್ಯರು ಕುಡಿಯೋ ನೀರಲ್ಲ. ಖುದಾ ಕಸಮ್, ಭಾಬಿಗಿ ಒಂದು ಹನಿ ಕೊಡಬ್ಯಾಡ್ರಿ. ಆದರ ಈ ಡಬ್ಬಿ ಯಾರೂ ಮಾನ್ಯ ಮಾಡಲ್ಲ. ನಾನೇ ಬಂದು ಬಾವಿಯಿಂದ ಸೇದಿ ಸೀಲ್ ಮಾಡ್ತೀನಿ. ಸರ್‌ಗೆ ಹೇಳೀನಿ, ಬೇಕಾದ್ರ ನನ್ನ ತೆಗೆದು ಹಾಕ್ಲಿ."

ಸಪ್ನಾಳಿಗೆ ಊರಿನಿಂದ ನೀರು ಹೊತ್ತು ತಂದರು. ಬಂಡೆಮ್ಮ ಸೊಸೆಯ ಲೋಟವನ್ನು ಬೇರೆಯವರಿಗೆ ಮುಟ್ಟಗೊಡಲಿಲ್ಲ. ಇಷ್ಟು ದಿನ ತಾನೇ ಕೈಯಾರೆ ಕುಡಿಸಿದ್ದನ್ನು ನೆನೆದು ಒಲೆಯ ಮುಂದೆ ಒಬ್ಬಳೇ ಅಳುತ್ತಿದ್ದಳು.

ಹೇಳಿದಂತೆ ಆಸ್ಫಿಯಾ ಬಂದಳು. ಜೀಪಿಲ್ಲ, ಬಸ್ಸಿನಲ್ಲೇ ಬಂದು, ಬಾಟಲಿಗಳ ಚೀಲ ಹೆಗಲಿಗೆ ಹಾಕಿಕೊಂಡು ಕೆಸರು ತುಳಿಯುತ್ತ ಬಂದಳು. ಹೆಂಗಸರೆಲ್ಲ ಅವಳ ಹಿಂದೆ ಬಾವಿಗೆ ನಡೆದರು. ದೂರದಿಂದಲೇ ಮೂಗಿಗೆ ಬಡಿಯಿತು ವಾಸನೆ. ಬಾವಿಯ ನೀರು ಸುಣ್ಣ ಕಲಸಿದಂತೆ ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಮೌನೇಶ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಬ್ಲೀಚಿಂಗ್ ಪುಡಿಯ ಖಾಲಿ ಚೀಲಗಳು ಬಿದ್ದಿದ್ದವು.

"ಗೌಡ್ರು ನಿಮ್ಮ ಬಾವಿ ಸ್ವಚ್ಛ ಮಾಡ್ಸ್ಯಾರ. ಪುಣ್ಯೇದ ಕೆಲಸ. ತುಂಬ್ಕೋ ಬೇಗಂ, ಎಷ್ಟು ಬಾಟ್ಲಿ ಬೇಕು ತುಂಬ್ಕೋ." ಅವನು ಬಾವಿಯೊಳಗೆ ಕ್ಯಾಕರಿಸಿ ಉಗುಳಿದ.

ಆಸ್ಫಿಯಾ ಬರುವ ಸುದ್ದಿ ಕಪಿಲನ ಮನೆಗೆ ಬಿಟ್ಟರೆ ಕಾಲೇಜಿನ ಸಾಹೇಬರ ಕೋಣೆಗೆ ಮಾತ್ರ ಗೊತ್ತಿತ್ತು.

"ಈಗ ಏನು ಸೇದಿದ್ರೂ ಬ್ಲೀಚಿಂಗೇ ತೋರಿಸ್ತದ" ಎಂದ ಹುಡುಗಿ ಬಾವಿಯ ಪಕ್ಕದ ಕಲ್ಲಿನ ಮೇಲೆ ಕೂತು ಬಿಕ್ಕಿದಳು. "ಅವತ್ತೇ ನಾ ಇಲ್ಲಿ ತನ ಬರಬೇಕಾಗಿತ್ತು ಅಮ್ಮಾ."

ಬಂಡೆಮ್ಮ ಸೆರಗಿನಿಂದ ಅವಳ ಮುಖ ಒರೆಸಿದಳು. "ಬರತೀನಿ ಅಂದ್ರೂ ನಾವು ಬಿಡ್ತಿದ್ದಿಲ್ಲ ಬೇಟಿ. ಇಲ್ಲೀ ಹೊಲಸು ನೀ ನೋಡಬಾರ್ದಂತ."

ಆ ಮಾತು ಮುಗಿಯುವುದರೊಳಗೆ, ಸಪ್ನಾಳ ಹತ್ತಿರ ಮನೆಯಲ್ಲೇ ಉಳಿದಿದ್ದ ಹಣಮಮ್ಮ ಓಡಿ ಬಂದಳು. ಸಪ್ನಾಳಿಗೆ ನೋವು ಕಾಣಿಸಿಕೊಂಡಿತ್ತು.

ಆಂಬುಲೆನ್ಸಿನಲ್ಲಿ ಕಲಬುರಗಿಗೆ ಒಯ್ದರು. ಆಸ್ಪತ್ರೆಯ ಪಡಸಾಲೆಯಲ್ಲಿ ಕಪಿಲ ಆ ಕಡೆಯಿಂದ ಈ ಕಡೆಗೆ ಓಡಾಡಿದ, ಬಂಡೆಮ್ಮ ನೆಲದ ಮೇಲೆ ಕೂತಳು. ಬೆಳಗಾದ ಮೇಲೆ ನರ್ಸು ಬಂದು ಬಟ್ಟೆಯಲ್ಲಿ ಸುತ್ತಿದ್ದನ್ನು ತೋರಿಸಿದಳು. ಗಂಡು. ಉಸಿರಿರಲಿಲ್ಲ. ಕಪಿಲನದೇ ಮೂಗು, ಕಪಿಲನದೇ ಹಣೆ. ತಲೆತುಂಬ ಕೂದಲು.

"ತಾಯಿ ಜೀವಕ್ಕ ಏನೂ ಆಗಿಲ್ಲ. ಇದನ್ನ ಇಲ್ಲೇ ತೊಳಸಿ ಕೊಡ್ಲೇನಬೇ?"

ಸತ್ತ ಕೂಸಿಗೂ ಎಳೆಬಿಸಿ ನೀರಿನ ಸ್ನಾನ ಮಾಡಿಸಿ, ಅರಿಶಿನ ಹಚ್ಚಿ ಮಣ್ಣಿಗೆ ಕೊಡುವುದು ಅವರ ಪದ್ಧತಿ. ಅಜ್ಜಿಯ ಕೈಯ ಕೆಲಸ ಅದು. ಹಿಂದಿನ ಎರಡಕ್ಕೂ ಬಂಡೆಮ್ಮ ಅದೇ ಬಾವಿಯ ನೀರು ಕಾಸಿ ಎರೆದಿದ್ದಳು.

"ಬ್ಯಾಡ" ಅಂದಳು. "ಹಾಂಗೇ ಕೊಡು."

"ಊರಿಗಿ ಒಯ್ಯೋಣ ನಡಿಯಬೇ" ಅಂದ ಕಪಿಲ. "ಹೊತ್ತು ಮುಳುಗೂದ್ರಾಗ ಮಣ್ಣು ಮಾಡಬೇಕು."

"ನೀ ಸಪ್ನಾನ ಹತ್ರ ಇರು. ನನಗ ಒಂದು ಕೆಲಸ ಅದ."

ಕೂಸನ್ನು ಎದೆಗೆ ಅವಚಿಕೊಂಡು, ಸೆರಗು ಮುಚ್ಚಿಕೊಂಡು ಆಟೋ ಹತ್ತಿದಳು. ಹಾಲು ಕುಡಿಸುತ್ತಿದ್ದಾಳೇನೋ ಎಂದು ಆಟೋದವನು ಮುಂದಿನ ಕನ್ನಡಿ ತಿರುಗಿಸಿಕೊಂಡ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿವೇಕಾನಂದ ಸಾಹೇಬರು ಆಸ್ಫಿಯಾಳನ್ನು ನಿಲ್ಲಿಸಿಕೊಂಡು ಬೈಯುತ್ತಿದ್ದರು. ಬಂಡೆಮ್ಮ ಒಳಗೆ ಬಂದದ್ದನ್ನು ನೋಡಿ ಮಾತು ನಿಲ್ಲಿಸಿದರು. ಗಾಜಿನ ಸೀಸೆಗಳನ್ನು ಒಂದು ಕೈಯಿಂದ ಬದಿಗೆ ಸರಿಸಿ, ಅವಳು ಗಂಟನ್ನು ಮೇಜಿನ ಮೇಲೆ ಇಟ್ಟು ಬಿಚ್ಚಿದಳು.

"ಯಾ ಅಲ್ಲಾ" ಎಂದು ಆಸ್ಫಿಯಾ ಬಾಯಿಯ ಮೇಲೆ ಕೈಯಿಟ್ಟಳು.

"ಏನಿದು? ಏನಿದು ಹುಚ್ಚಾಟ? ತೆಗಿ, ತೆಗಿ ಮೊದಲ ಅದನ್ನ!" ಸಾಹೇಬರು ಗೋಡೆಯ ತನಕ ಹಿಂದೆ ಸರಿದರು.

"ಪುರಾವೆ ಕೇಳಿದ್ರಲ್ಲರೀ, ತಂದೀನಿ." ಅವಳು ಬಟ್ಟೆಯ ಅಂಚನ್ನು ಪೂರ್ತಿ ಸರಿಸಿದಳು. "ತೊಳದಿಲ್ಲರೀ ಈ ಸಲ. ಫಿಲ್ಟರ್ ನೀರು ಮುಟ್ಟಿಸಿಲ್ಲ, ಅರಿಶಿಣ ಹಚ್ಚಿಲ್ಲ. ನಮ್ಮ ಮನಿಯಾಗ ಹ್ಯಾಂಗ ಹುಟ್ಟತಾವೋ ಹಾಂಗೇ ಅದ. ನೋಡ್ರಿ."

"ಇದಕ್ಕೆಲ್ಲ ಪರವಾನಗಿ ಬೇಕಾಗ್ತದ, ಪೊಲೀಸರು... ಯಾರಲ್ಲಿ? ಏ ನೀಲಕಂಠ!" ಸಾಹೇಬರು ಜವಾನನನ್ನು ಕೂಗುತ್ತ ಬಾಗಿಲ ಕಡೆ ಹೆಜ್ಜೆ ಹಾಕಿದರು.

ಅವರಿಗಿಂತ ಮೊದಲು ಬಂಡೆಮ್ಮ ಬಾಗಿಲು ಮುಟ್ಟಿದಳು. ಒಳಗಿನಿಂದ ಚಿಲಕ ಜಡಿದು, ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ಸರಿಯಬೇ ಆ ಕಡೆ."

"ನೋಡ್ರಿ ಮೊದಲ."

ಆಸ್ಫಿಯಾ ಮೇಜಿನ ಹತ್ತಿರ ಬಂದಳು. ಕೂಸಿನ ಮುಖದ ಮೇಲೆ ಅಂಟಿದ್ದ ಕೂದಲನ್ನು ಸರಿಸಲು ಕೈ ಎತ್ತಿ, ಮುಟ್ಟಲೋ ಬೇಡವೋ ತಿಳಿಯದೆ ಹಾಗೇ ನಿಂತಳು. ಹೊರಗಿನಿಂದ ಯಾರೋ ಬಾಗಿಲು ಬಡಿಯತೊಡಗಿದರು, ಆಮೇಲೆ ದಬ್ಬತೊಡಗಿದರು. ದಬ್ಬಿದಾಗೊಮ್ಮೆ ಬಂಡೆಮ್ಮನ ಮೈ ಮುಂದಕ್ಕೆ ಜೋಲಿ ಹೊಡೆಯುತ್ತಿತ್ತು. ಅವಳು ಅಂಗಾಲು ನೆಲಕ್ಕೂರಿ ಮತ್ತೆ ಬೆನ್ನು ಕೊಡುತ್ತಿದ್ದಳು.