ಅಕ್ಕನ ಕಿವಿಗೆ ಬಿದ್ದ ಕಾರು

ಟೈಲರನ ಮನೆಗೆ ಕರೆಂಟ್ ಕಾರು ಬಂದ ದಿನ ಎಲ್ಲರಿಗಿಂತ ಹೆಚ್ಚು ಹಿಗ್ಗಿದವನೂ ಅವನೇ, ಎಲ್ಲರಿಗಿಂತ ಹೆಚ್ಚು ಹೆದರಿದವನೂ ಅವನೇ. ಅವನ ಸ್ವಭಾವವೇ ಹಾಗೆ. ಕೋಟಿನ ಬಟ್ಟೆಗೆ ಕತ್ತರಿ ಇಡುವ ಮುಂಚೆ ಎರಡೆರಡು ಸಲ ಅಳೆಯುತ್ತಿದ್ದ, ಕತ್ತರಿಸಿಯಾದ ಮೇಲೂ ಇನ್ನೊಮ್ಮೆ ಅಳೆದು ಬೆವರುತ್ತಿದ್ದ. ಅವನ ಅಕ್ಕ ಅವನನ್ನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದೇ 'ಪುಕ್ಕಲ' ಎಂದು.

ಕಾರಿನ ಜೊತೆ ಕೊಟ್ಟ ಪುಸ್ತಕವನ್ನು ಅವನು ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿಟ್ಟುಕೊಂಡು ಪರೀಕ್ಷೆಗೆ ಕೂತವನ ಹಾಗೆ ಓದಿದ. ಬ್ಯಾಟರಿಯನ್ನು ದಿನಾಲೂ ನೂರಕ್ಕೆ ನೂರು ತುಂಬಿಸಬೇಕಾಗಿಲ್ಲ, ಎಂಬತ್ತರವರೆಗೆ ಸಾಕು. ಪೂರ್ತಿ ಬರಿದಾಗಲೂ ಬಿಡಬಾರದು. ಮನೆಯ ಪ್ಲಗ್ಗಿನಿಂದ ನಿಧಾನಕ್ಕೆ ತುಂಬುತ್ತದೆ, ಆದರೆ ಆ ಪ್ಲಗ್ಗಿಗೆ ದಪ್ಪ ವಯರಿರಬೇಕು, ಅರ್ತಿಂಗ್ ಸರಿಯಿರಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಯಾವ ಕಾರಣಕ್ಕೂ ಬೇಡ. ಈ ಕೊನೆಯ ಸಾಲಿನ ಕೆಳಗೆ ಅವನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಗೆರೆ ಎಳೆದ. ವೈರ್‌ಮನ್ನನ್ನು ಕರೆಸಿ ಮನೆಗಂಟಿದ ತನ್ನ ಅಂಗಡಿಯ ಹೊರಗೋಡೆಗೆ ಮೀಟರಿನಿಂದಲೇ ಬೇರೆ ಲೈನು ಎಳೆಸಿದ. ಮೊದಲ ದಿನ ಸಂಜೆ ಪ್ಲಗ್ ಚುಚ್ಚಿ, ಬಿಸಿಯಾಗುತ್ತಿದೆಯೇ ಎಂದು ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಅದನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ಮುಟ್ಟಿ ನೋಡಿದ. ಬೆಳಗಾಗೆದ್ದು ಕಾರಿನ ಬಾಗಿಲು ತೆರೆದರೆ ಪರದೆಯ ಮೇಲೆ ಎಂಬತ್ತು. ಬಂಕಿಗೆ ಹೋಗಿಲ್ಲ, ಸಾಲಿನಲ್ಲಿ ನಿಂತಿಲ್ಲ, ಕೈಗೆ ಎಣ್ಣೆಯ ವಾಸನೆಯಿಲ್ಲ. ಮನೆಮಂದಿಯೆಲ್ಲ ಮಲಗಿದ್ದಾಗ ಯಾರೋ ಪುಣ್ಯಾತ್ಮರು ಬಂದು ತುಂಬಿಸಿಟ್ಟು, ಎಬ್ಬಿಸುವುದು ಬೇಡ ಎಂದು ಮೆಲ್ಲಗೆ ಹೋದಂತಿತ್ತು. ಅವನು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಸುಮಾರು ಹೊತ್ತು ಕಾರನ್ನು ನೋಡುತ್ತ ನಿಂತ.

ಆ ಸಂತೋಷ ಒಂದು ವಾರವೂ ನಿಲ್ಲಲಿಲ್ಲ.

ಅಕ್ಕನಿಗೆ ಎಳವೆಯಲ್ಲೇ ಕಣ್ಣು ಹೋಗಿತ್ತು. ಕಿವಿ ಉಳಿದಿತ್ತು, ಆ ಕಿವಿಯೇ ಅವಳ ಕಸುಬೂ ಆಗಿತ್ತು. ಊರಿನ ಶಾಲೆ, ಸಭಾಂಗಣ, ಶ್ರೀಮಂತರ ಮನೆ ಎಲ್ಲಿ ಪಿಯಾನೊ ಇದ್ದರೂ ಶ್ರುತಿ ಸರಿಮಾಡಲು ಅವಳೇ ಬರಬೇಕು. ಕೋಲು ಹಿಡಿದು ಒಬ್ಬಳೇ ಹೋಗುತ್ತಿದ್ದಳು, ಒಬ್ಬಳೇ ಬರುತ್ತಿದ್ದಳು. ಮನೆ ಮುಂದಿನ ಗಲ್ಲಿ ಇಕ್ಕಟ್ಟು, ಫುಟ್‌ಪಾತ್ ಇಲ್ಲ. ಆದರೂ ನಟ್ಟನಡುವೆ ರಾಣಿಯಂತೆ ನಡೆಯುವಳು. ಹಾಲಿನ ವ್ಯಾನು ಕೆಮ್ಮುತ್ತ ಬರುತ್ತದೆ, ಡಾಕ್ಟರ ಕಾರು ಗೊರಕೆ ಹೊಡೆಯುತ್ತ ಬರುತ್ತದೆ. ದೂರದಲ್ಲಿರುವಾಗಲೇ ಗುರುತು ಹಿಡಿದು, ಗೋಡೆಗೆ ಸರಿದು, ಕೋಲೆತ್ತಿ 'ಹೋಗು' ಎಂದು ಸನ್ನೆ ಮಾಡುವಳು.

ಅವತ್ತು ಟೈಲರ್ ಗಲ್ಲಿಗೆ ಕಾರು ತಿರುಗಿಸಿದಾಗ ಅಕ್ಕ ಮುಂದೆ ಹೋಗುತ್ತಿದ್ದಳು. ಎಂದಿನಂತೆ ಸರಿಯುತ್ತಾಳೆ ಎಂದುಕೊಂಡು ಮೆಲ್ಲಗೆ ಹಿಂದೆ ಬಂದ. ಅವಳು ಸರಿಯಲಿಲ್ಲ. ಬ್ರೇಕ್ ಒತ್ತಿದಾಗ ಬಂಪರು ಅವಳ ಸಲಕರಣೆ ಚೀಲಕ್ಕೆ ತಾಗಿ ನಿಂತಿತು. ಚೀಲ ಬಿತ್ತು. ಅವಳು ಗಕ್ಕನೆ ತಿರುಗಿ, ಕೈಚಾಚಿ ಬಾನೆಟ್ ಸವರಿ, "ಯಾರು?" ಎಂದಳು.

ಅಷ್ಟೇ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಈ ಗಲ್ಲಿಯಲ್ಲಿ ಅಕ್ಕನ ಬಾಯಿಂದ ಅವನು ಆ ಮಾತು ಎಂದೂ ಕೇಳಿರಲಿಲ್ಲ.

ಅವತ್ತಿನಿಂದ ಅವಳು ಒಬ್ಬಳೇ ಹೊರಗೆ ಕಾಲಿಡಲಿಲ್ಲ. ಮೂಲೆಯ ಅಂಗಡಿಗೂ ಟೈಲರನೋ ಅವನ ಹೆಂಡತಿಯೋ ಜೊತೆಗೆ ಹೋಗಬೇಕಾಯಿತು. ಟೈಲರನಿಗೆ ಊಟ ಸೇರದಾಯಿತು.

"ಅಕ್ಕಾ, ಔಷಧಿ ಅಂಗಡಿಯವರು ಕಾರು ಕೇಳ್ತಿದಾರೆ. ಭಾನುವಾರ ಅವರಿಗೇ ಕೊಟ್ಟುಬಿಡ್ತೀನಿ" ಎಂದ.

"ನನಗೋಸ್ಕರ ಕೊಡ್ಬೇಡ. ನಾನೇನು ಸಣ್ಣ ಮಗುನಾ?"

"ಕೊಡದಿದ್ರೆ ನೀನು ಬಾಗಿಲು ದಾಟಲ್ಲ."

"ದಾಟಲ್ಲ" ಎಂದಳು ಅವಳು, ಇದ್ದದ್ದನ್ನು ಇದ್ದ ಹಾಗೆಯೇ. "ಬರೋದು ಗೊತ್ತಾಗದ ವಸ್ತುವಿನ ಮುಂದೆ ಹೇಗೆ ನಡೀಲಿ, ನೀನೇ ಹೇಳು."

ಶನಿವಾರ ಬೆಳಿಗ್ಗೆ ಬೆಟ್ಟದ ಮೇಲಿನ ಸಭಾಂಗಣದಿಂದ ಕರೆ ಬಂತು. ಸಂಜೆ ಸಂಗೀತ ಕಛೇರಿ, ಪಿಯಾನೊ ಶ್ರುತಿ ತಪ್ಪಿದೆ, ತಕ್ಷಣ ಬರಬೇಕು. ಯಾವಾಗಲೂ ಕರೆದೊಯ್ಯುವ ಟ್ಯಾಕ್ಸಿಯವನು ಜ್ವರ ಬಂದು ಮಲಗಿದ್ದ. ಅಕ್ಕ, "ನಿನ್ನ ಮೂಗಬಸವನನ್ನೇ ಹೊರಡಿಸು" ಎಂದಳು. "ನಾಳೆ ಹೆಂಗೂ ಕೊಡ್ತೀಯಲ್ಲ. ಒಂದು ದಿನ ನಾನೂ ಕೂತಿದ್ದೆ ಅಂತಾಗಲಿ."

ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಾರು ಹೊರಟಿತು.

"ಹೊರಟ್ವಾ?"

"ಆಗಲೇ ದೊಡ್ಡ ರಸ್ತೆಗೆ ಬಂದ್ವಿ, ಅಕ್ಕಾ."

ಅವಳು ಕಿಟಕಿ ಇಳಿಸಿಕೊಂಡಳು. ಊರು ದಾಟಿ ಗದ್ದಲ ಕಡಿಮೆಯಾದ ಮೇಲೆ ಅವಳ ಮುಖ ಬೇರೆಯೇ ಆಗತೊಡಗಿತು. ತಿರುವೊಂದರಲ್ಲಿ ಥಟ್ಟನೆ ಅವನ ತೋಳು ಹಿಡಿದಳು.

"ನೀರು! ಇಲ್ಲಿ ನೀರು ಹರೀತಿದೆ!"

"ಸಣ್ಣ ತೊರೆ. ಸೇತುವೆ ದಾಟಿದ್ವಿ."

"ಎಷ್ಟು ವರ್ಷದಿಂದ ಈ ರಸ್ತೆಯಲ್ಲಿ ಓಡಾಡಿದೀನಿ. ಇಲ್ಲೊಂದು ತೊರೆ ಇದೆ ಅಂತ ನನಗೆ ಯಾರೂ ಹೇಳಿರ್ಲಿಲ್ಲವಲ್ಲೋ." ಅವಳ ದನಿ ಇಳಿಯಿತು. "ಆ ಟ್ಯಾಕ್ಸಿ ಇಂಜಿನ್ನು ಇಷ್ಟು ದಿನ ನನ್ನಿಂದ ಇದನ್ನೆಲ್ಲ ಮುಚ್ಚಿಟ್ಟಿತ್ತು."

ಆಮೇಲೆ ಅವಳು ಒಂದೊಂದನ್ನೇ ಎತ್ತಿಕೊಳ್ಳುತ್ತ ಹೋದಳು. ಯಾರೋ ಕಲ್ಲು ಒಡೆಯುತ್ತಿದ್ದರು. ಒಂದು ಮನೆಯಲ್ಲಿ ಮಗು ರಚ್ಚೆ ಹಿಡಿದಿತ್ತು. ಮರ ಬದಲಾದಂತೆ ಗಾಳಿಯ ಸದ್ದೂ ಬದಲಾಗುತ್ತಿತ್ತು. ಮೊದಲ ಸಲ ಸಂತೆಗೆ ಬಂದ ಹುಡುಗಿಯ ಹಾಗೆ ಕುತ್ತಿಗೆ ಅತ್ತ ಇತ್ತ ತಿರುಗಿಸುತ್ತಿದ್ದಳು.

ಟೈಲರನಿಗೆ ಅದೆಲ್ಲ ಅರ್ಧ ಕಿವಿಗೆ ಬಿತ್ತು. ಅವನ ಕಣ್ಣು ಪರದೆಗೆ ಅಂಟಿತ್ತು. ಸಮತಟ್ಟಿನ ರಸ್ತೆಯ ಲೆಕ್ಕ ಹಾಕಿ ಹೊರಟಿದ್ದ. ಏರು ಶುರುವಾದದ್ದೇ ತಡ, ಅಂಕಿ ಮೆಟ್ಟಿಲಿಳಿದ ಹಾಗೆ ಇಳಿಯತೊಡಗಿತು. ಎಂಬತ್ತಿದ್ದದ್ದು ಅರವತ್ತು, ನಲವತ್ತು. ಏಸಿ ಆರಿಸಿದ. ರೇಡಿಯೋ ಮೊದಲೇ ಹಾಕಿರಲಿಲ್ಲ. ತನ್ನ ಉಸಿರನ್ನೂ ಹಿಡಿದುಕೊಂಡರೆ ಭಾರ ಕಡಿಮೆಯಾದೀತೇ ಎಂಬಂತೆ ಕೂತಿದ್ದ. ಬೆಟ್ಟದ ತುದಿ ಮುಟ್ಟುವಾಗ ಇಪ್ಪತ್ತೆರಡು ಉಳಿದಿತ್ತು. ಇನ್ನೆಷ್ಟು ದೂರ ಹೋಗಬಲ್ಲೆ ಎಂದು ಕಾರು ತೋರಿಸುತ್ತಿದ್ದ ಲೆಕ್ಕ ಮನೆಯವರೆಗೆ ಸಾಲುತ್ತಿರಲಿಲ್ಲ.

ಸಭಾಂಗಣದ ಹಿಂಬಾಗಿಲ ಹತ್ತಿರ, ಕಿಟಕಿಯ ಕೆಳಗೆ, ದಪ್ಪನೆಯ ಪವರ್ ಪ್ಲಗ್ ಒಂದಿತ್ತು. ಟೈಲರ್ ಕಾವಲಿನವರ ಅಪ್ಪಣೆ ಕೇಳಿ, ಡಿಕ್ಕಿಯಿಂದ ಚಾರ್ಜರ್ ತೆಗೆದು ಚುಚ್ಚಿದ. ಅದರ ಹಸಿರು ದೀಪ ಹತ್ತಿದ ಮೇಲೆ, ಅಂದರೆ ಅರ್ತಿಂಗ್ ಸರಿಯಿದೆ ಎಂದು ಖಾತ್ರಿಯಾದ ಮೇಲೆ, ಅವನಿಗೆ ಉಸಿರು ಬಂತು.

ಕಾವಲಿನವರು ಕಾರಿನ ಸುತ್ತ ಒಂದು ಸುತ್ತು ಹಾಕಿ, "ಫೋನಿಗೆ ಚಾರ್ಜ್ ಕೇಳೋರನ್ನ ದಿನಾ ನೋಡ್ತೀನಿ. ಕಾರನ್ನೇ ಗೋಡೆಗೆ ಕಟ್ಟಿಹಾಕಿ ಮೇಯಿಸೋರನ್ನ ಇವತ್ತೇ ನೋಡಿದ್ದು" ಎಂದರು.

"ನಿಧಾನಕ್ಕೆ ಮೇಯುತ್ತೆ, ಯಜಮಾನ್ರೇ. ಸಂಜೆವರೆಗೆ ಬಿಟ್ರೆ ಮನೆಗೆ ಸಾಕಾಗುತ್ತೆ."

ಒಳಗಿನಿಂದ ಒಂದೇ ತಂತಿಯ ಸದ್ದು ಮತ್ತೆ ಮತ್ತೆ ಕೇಳುತ್ತಿತ್ತು. ನಿಂತಿತು. ಅಕ್ಕನ ದನಿ ಕೇಳಿತು.

"ಪುಕ್ಕಲಾ! ಕಿಟಕಿ ಕೆಳಗೆ ಏನದು ಗುಂಯ್ ಅಂತಿರೋದು?"

ಅವನು ಒಳಗೆ ಓಡಿದ. "ಏನೂ ಇಲ್ಲವಲ್ಲ, ಅಕ್ಕಾ. ಕಾರು ಚಾರ್ಜ್ ಆಗ್ತಿದೆ ಅಷ್ಟೇ."

"ಅಷ್ಟೇ ಅಂತೀಯ. ಎರಡು ತಂತಿ ಒಂದಕ್ಕೊಂದು ಕೂಡದಿದ್ರೆ ನಡುವೆ ಒಂದು ಅಲೆ ಏಳುತ್ತೆ. ಆ ಅಲೆ ಸತ್ತರೇನೇ ಶ್ರುತಿ ಸೇರಿತು ಅಂತ ಅರ್ಥ. ನಾನು ಕೇಳ್ಬೇಕಾಗಿರೋದು ಅದನ್ನ. ನಿನ್ನ ಕಾರು ಅದರ ಮೇಲೇ ಕೂತು ಗುಂಯ್ಗುಡ್ತಿದೆ."

ಟೈಲರ್ ಹೊರಬಂದು ಕಾರಿಗೆ ಕಿವಿಯಿಟ್ಟ. ಹೌದು. ಒಳಗೆಲ್ಲೋ ಒಂದು ಫ್ಯಾನು ಸಣ್ಣಗೆ ತಿರುಗುತ್ತಿತ್ತು. ಇಷ್ಟು ದಿನ ಪಕ್ಕದಲ್ಲೇ ನಿಂತು ಪ್ಲಗ್ ಮುಟ್ಟಿ ನೋಡಿದ್ದ, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಕಾವಲಿನವರು ಕಷ್ಟ ನೋಡಲಾರದೆ ಒಳಗಿನಿಂದ ಸುತ್ತಿಟ್ಟ ವಯರೊಂದನ್ನು ತಂದರು. "ಇದನ್ನ ಹಾಕಿ ಕಾರನ್ನ ಆ ಮೂಲೆಗೆ ನಿಲ್ಲಿಸಿ. ನಮ್ಮ ಇಸ್ತ್ರಿಪೆಟ್ಟಿಗೆ ಇದರಲ್ಲೇ ನಡಿಯೋದು."

ವಯರು ಬೆರಳಿಗಿಂತ ತೆಳ್ಳಗಿತ್ತು. ಸೀಮೆಸುಣ್ಣದ ಗೆರೆ ಟೈಲರನ ಕಣ್ಣಿಗೆ ಕಟ್ಟಿತು. "ಇಸ್ತ್ರಿ ಆಗಾಗ ಆರುತ್ತೆ, ಯಜಮಾನ್ರೇ. ಇದು ಗಂಟೆಗಟ್ಟಲೆ ಒಂದೇ ಸಮನೆ ಎಳೆಯುತ್ತೆ. ವಯರು ಕಾದು ಕರಗಿದ್ರೆ ನಿಮ್ಮ ಸಭಾಂಗಣಕ್ಕೇ ಬೆಂಕಿ." ಅವನು ಪ್ಲಗ್ ಕಿತ್ತ. ಸದ್ದು ನಿಂತಿತು. ಒಳಗೆ ತಂತಿ ಮತ್ತೆ ಮಿಡಿಯಿತು.

ಅಕ್ಕ ಕೆಲಸ ಮುಗಿಸಿ ಬಂದಾಗ ಅವನು ಹೊಸ್ತಿಲ ಮೇಲೆ ತಲೆಗೆ ಕೈಹೊತ್ತು ಕೂತಿದ್ದ. ಕಛೇರಿಗೆ ಜನ ಬರತೊಡಗಿದ್ದರು, ಆ ಗುಂಯ್ ಸದ್ದಿನಿಂದಾಗಿ ಇನ್ನು ಮತ್ತೆ ಚುಚ್ಚುವ ಹಾಗಿಲ್ಲ.

"ಸಾಲಲ್ವಾ?" ಎಂದಳು.

"ಲೆಕ್ಕದಲ್ಲಿ ಸಾಲಲ್ಲ. ಬೆಟ್ಟದ ಬುಡದಲ್ಲಿ ಫಾಸ್ಟ್ ಚಾರ್ಜರ್ ಒಂದಿದೆ. ಅಲ್ಲಿವರೆಗೆ ಹೋದ್ರೆ ಬದುಕಿದ್ವಿ."

"ಇಳಿಯೋದರ ಬಗ್ಗೆ ನಿನ್ನ ಪುಸ್ತಕ ಏನನ್ನುತ್ತೆ?"

"ಇಳಿಜಾರಿನಲ್ಲಿ ಕಾಲು ತೆಗೆದ್ರೆ ಚಕ್ರವೇ ಮೋಟಾರನ್ನ ತಿರುಗಿಸುತ್ತಂತೆ. ಆಗ ಅದು ಕರೆಂಟ್ ತಿನ್ನಲ್ಲ, ಕರೆಂಟ್ ಕೊಡುತ್ತಂತೆ. ಸೈಕಲ್ ಡೈನಮೋ ಥರ."

"ಅಂತೆ, ಅಂತೆ! ಕಂಠಪಾಠ ಮಾಡಿದೀಯ, ನಂಬಿಕೆ ಮಾತ್ರ ಇಲ್ಲ. ಹತ್ತು."

ಮೊದಲ ತಿರುವಿನಲ್ಲಿ ಅವನು ಪೆಡಲಿನಿಂದ ಕಾಲು ತೆಗೆದ. ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದಂತೆ ಕಾರು ತಾನೇ ವೇಗ ತಗ್ಗಿಸಿತು. ಬ್ರೇಕ್ ಮುಟ್ಟುವ ಅಗತ್ಯವೇ ಬೀಳಲಿಲ್ಲ.

"ಈಗ ಕಾಲು ತೆಗೆದೆ" ಎಂದಳು ಅಕ್ಕ.

"ಮೈ ಮುಂದಕ್ಕೆ ವಾಲಿತಾ?"

"ವಾಲೋಕೆ ಮುಂಚೇನೇ ಹಾಡು ಬದಲಾಯ್ತು."

"ಯಾವ ಹಾಡು?"

"ಶ್!" ಎಂದು ಅವಳು ಕಿಟಕಿ ಏರಿಸಿ, ತಲೆ ಬಗ್ಗಿಸಿ ಕಿವಿಗೊಟ್ಟಳು. ಎರಡು ತಿರುವು ಹಾಗೇ ಕಳೆದವು. ಆಮೇಲೆ ತುಟಿ ಮುಚ್ಚಿಕೊಂಡೇ ಎಳೆಯಂಥ ಒಂದು ಸ್ವರ ಹಿಡಿದಳು. ಕಾರು ವೇಗ ಪಡೆದಂತೆ ಆ ಸ್ವರ ಏರಿತು, ಅವನು ಕಾಲು ತೆಗೆದಾಗ ಬೇರೊಂದು ಬಣ್ಣ ಪಡೆದು ಇಳಿಯಿತು. "ಇದೇ. ನಿನ್ನ ಹೊಲಿಗೆ ದಾರದಷ್ಟು ಸಣ್ಣ. ಇಂಜಿನ್ನು ಅಂದ್ರೆ ಗುಡುಗುಡು ಅಂತ ಕೆಳಗಿರುತ್ತೆ ಅಂದ್ಕೊಂಡು ನಾನು ಗಲ್ಲಿಯಲ್ಲಿ ಅಲ್ಲೇ ಕಿವಿ ಇಟ್ಟಿದ್ದೆ. ಇದು ಎಷ್ಟೋ ಮೇಲಿದೆ ಕಣೋ! ಪಿಯಾನೊದ ಬಲಗಡೆ ಕೊನೇ ಸ್ವರದ ಮನೆಗಳ ಹತ್ತಿರ. ಮಧ್ಯಾಹ್ನ ಕಿಟಕಿ ಕೆಳಗೆ ಗುಂಯ್ ಅಂದಾಗ್ಲೇ ಅನ್ನಿಸ್ತು, ಮೂಗಬಸವನಿಗೂ ಬಾಯಿದೆ ಅಂತ."

ಟೈಲರ್ ಪರದೆ ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಅಕ್ಕಾ... ಇಪ್ಪತ್ತಮೂರು."

"ಇಳೀತಾ?"

"ಇಳೀಲಿಲ್ಲ. ಏರ್ತಿದೆ!"

ಅವನು ಪುಸ್ತಕದಲ್ಲಿ ಓದಿದ್ದ, ಕಾರು ಮಾರಿದವರು ಬಾಯಲ್ಲಿ ಹೇಳಿದ್ದರು. ಆದರೂ ಕಣ್ಣೆದುರು ಅಂಕಿ ಏರುವುದನ್ನು ಕಂಡಾಗ ಅವನ ಮೈ ಜುಮ್ಮೆಂದಿತು. ಬೆಳಿಗ್ಗೆ ಅವನ ಪ್ರಾಣ ಹಿಂಡಿ ಕಸಿದುಕೊಂಡ ಅದೇ ಬೆಟ್ಟ, ಈಗ ಒಂದೊಂದು ತಿರುವಿನಲ್ಲಿ ಒಂದೊಂದು ಹಿಡಿ ವಾಪಸ್ ಕೊಡುತ್ತಿತ್ತು. ಹತ್ತಿದ್ದು ವ್ಯರ್ಥವಾಗಿರಲಿಲ್ಲ. ಆ ಎತ್ತರವೆಲ್ಲ ಎಲ್ಲೋ ಜೋಪಾನವಾಗಿ ಕೂತಿತ್ತು, ಇಳಿಯುವವರಿಗಾಗಿ ಕಾಯುತ್ತಿತ್ತು. ಸಂಜೆಯ ಬಿಸಿಲು ಕಣಿವೆಯಲ್ಲಿ ಚೆಲ್ಲಿಕೊಂಡಿತ್ತು. ಹೊಗೆಯಿಲ್ಲ, ಅಬ್ಬರವಿಲ್ಲ. ಅವನ ಪಾದ ಮಾತ್ರ ಮೇಲೆ ಕೆಳಗೆ ಆಡುತ್ತಿತ್ತು, ಪಕ್ಕದಲ್ಲಿ ಅಕ್ಕ ಅದರ ಜೊತೆ ಗುನುಗುತ್ತಿದ್ದಳು.

"ಈಗ ಇನ್ನೊಂದು ಏರಿರಬೇಕು ನೋಡು" ಎನ್ನುವಳು. ಅವನು ನೋಡುವಷ್ಟರಲ್ಲಿ ಏರಿರುತ್ತಿತ್ತು. ಒಂದು ಸಲ ತಪ್ಪಿದಳು. "ಅಯ್ಯೋ, ಇನ್ನೂ ಸ್ವಲ್ಪ ಜಾರಲಿ" ಎಂದು ನಕ್ಕಳು.

ಬೆಟ್ಟದ ಬುಡಕ್ಕೆ ಬಂದಾಗ ಮೂವತ್ತೊಂದು. ಮುಂದಿನದು ಸಮತಟ್ಟು ರಸ್ತೆ, ಮನೆಗೆ ಧಾರಾಳವಾಗಿ ಸಾಕು. ಫಾಸ್ಟ್ ಚಾರ್ಜರಿನ ದೀಪ ಕಂಡಿತು. ಟೈಲರ್ ಅದನ್ನು ದಾಟಿ ಮುಂದೆ ಹೋದ. ಜೀವಮಾನದಲ್ಲೇ ಮೊದಲ ಬಾರಿಗೆ, ಎರಡನೇ ಸಲ ಅಳೆಯದೆ.

ಗಲ್ಲಿಯ ಬಾಯಲ್ಲಿ ಅಕ್ಕ, "ಇಲ್ಲೇ ನಿಲ್ಲಿಸು" ಎಂದಳು. "ನಾನು ಇಳಿದು ನಡೀತೀನಿ. ನೀನು ಹಿಂದೆ ಬಾ."

"ಬೇಡ, ಅಕ್ಕಾ. ಒಳಗೆ ಕೂತು ಕೇಳೋದು ಬೇರೆ, ಹೊರಗೆ ಕೇಳೋದು ಬೇರೆ. ಇನ್ನೊಂದು ದಿನ ನೋಡೋಣ."

"ನಾಳೆ ಔಷಧಿ ಅಂಗಡಿಯವರು ಬರ್ತಾರೆ. ಇನ್ನೊಂದು ದಿನ ಎಲ್ಲಿದೆ? ಹಾರ್ನ್ ಗೀರ್ನ್ ಒತ್ತಿದ್ಯೋ, ಮಾತು ಬಿಡ್ತೀನಿ."

ಅವಳು ಇಳಿದಳು. ಕೋಲು ಬಿಚ್ಚಿ, ಗಲ್ಲಿಯ ನಟ್ಟನಡುವೆ ನಿಂತು, ಬೆನ್ನು ತಿರುಗಿಸಿ ನಡೆಯತೊಡಗಿದಳು. ಕೋಲಿನ ಟಕ್ ಟಕ್ ಎರಡೂ ಗೋಡೆಗೆ ಬಡಿಯುತ್ತಿತ್ತು.

ಅವನು ಬ್ರೇಕಿನಿಂದ ಕಾಲು ಸಡಿಲಿಸಿದ. ಕಾರು ತಾನಾಗಿ ತೆವಳಿತು. ಕಾಲು ಮತ್ತೆ ಬ್ರೇಕಿನ ಮೇಲೆಯೇ ಹೋಗಿ ಕೂತಿತು. ಅಂದು ಚೀಲ ಬಿದ್ದ ಜಾಗದ ದೀಪದ ಕಂಬ ಹತ್ತಿರವಾಯಿತು. ಅಕ್ಕ ಸರಿಯಲಿಲ್ಲ. ಅವಳ ಸೆರಗಿನ ಅಂಚಿನ ಹೂವು ಕಾಣುವಷ್ಟು ಹತ್ತಿರ ಬಂತು. ಸರಿಯಲಿಲ್ಲ. ಸಾಕು, ಕೊಟ್ಟುಬಿಡುತ್ತೇನೆ, ನಾಳೆಯೇ ಕೊಟ್ಟುಬಿಡುತ್ತೇನೆ ಎಂದುಕೊಂಡು ಪಾದ ಒತ್ತಬೇಕು,

ಅಷ್ಟರಲ್ಲಿ ಟಕ್ ಟಕ್ ಎಡಕ್ಕೆ ತಿರುಗಿತು. ಅಕ್ಕ ಗೋಡೆಗೆ ಸರಿದಳು. ತಿರುಗಿಯೂ ನೋಡದೆ ಕೋಲೆತ್ತಿ, ಹಾಲಿನ ವ್ಯಾನಿಗೆ ಮಾಡುವ ಹಾಗೆ, 'ಹೋಗು' ಎಂದಳು.

ಅವನು ಕಿಟಕಿ ಇಳಿಸಿದ. "ಯಾವಾಗ ಕೇಳಿಸ್ತು?"

"ನೀನು ಹೊರಟಾಗಿಂದ. ಒಂದು ಸಲ ನಿಲ್ಲಿಸಿದೆ, ಅದೂ ಕೇಳಿಸ್ತು. ನೀನು ಎಷ್ಟು ಹೊತ್ತು ತಡ್ಕೋತೀಯ ನೋಡೋಣ ಅಂತ ನಡುವೆ ನಡೆದೆ."

"ನನ್ನ ಜೀವ ಬಾಯಿಗೆ ಬಂದಿತ್ತು, ಅಕ್ಕಾ!"

"ಅದೂ ಕೇಳಿಸ್ತು" ಎಂದಳು ಅವಳು.

ಅವನು ಕಾರು ನಿಲ್ಲಿಸಿ, ಗೋಡೆಯ ಪ್ಲಗ್ಗಿಗೆ ಚುಚ್ಚಿದ. ಅಕ್ಕ ಪಕ್ಕದಲ್ಲಿ ನಿಂತು ಕೇಳಿಸಿಕೊಂಡಳು.

"ಔಷಧಿ ಅಂಗಡಿಯವರಿಗೆ ಏನಂತ ಹೇಳ್ಲಿ?"

"ಬೇರೆ ಕಾರು ಹುಡುಕ್ಕೊಳ್ಳಿ ಅನ್ನು." ಅವಳು ಚೀಲವನ್ನು ಅವನ ಕೈಗಿತ್ತಳು. "ಇದನ್ನ ಒಳಗಿಡು. ನಾನು ಮೂಲೆ ಅಂಗಡಿಗೆ ಹೋಗಿ ಬರ್ತೀನಿ."

"ಇರು, ನಾನೂ..." ಎಂದವನು ಬಾಯಿ ಮುಚ್ಚಿಕೊಂಡ.

ಅವಳು ಬಂದ ದಾರಿಯಲ್ಲೇ, ನಟ್ಟನಡುವೆ ಹೊರಟಳು. ಪ್ಲಗ್ ಬಿಸಿಯಾಗಿದೆಯೇ ಎಂದು ಮುಟ್ಟಲು ಎತ್ತಿದ ಕೈಯನ್ನು ಟೈಲರ್ ಹಾಗೇ ಇಳಿಸಿದ. ಪಕ್ಕದಲ್ಲಿ ಕಾರು ಸಣ್ಣಗೆ ಗುಂಯ್ಗುಡುತ್ತಿತ್ತು. ಅದರಾಚೆ ಕೋಲಿನ ಟಕ್ ಟಕ್. ಅವನು ಕಣ್ಣು ಮುಚ್ಚಿ, ಆ ಎರಡನ್ನೂ, ದೂರದ್ದು ಕರಗಿಹೋಗುವವರೆಗೆ ಕೇಳುತ್ತ ನಿಂತ.